ತಲೆಗೊಂದು ಕಾರ್ಡ್: ಪರದೇಶದ ಮೆಟ್ರೋ, ಬಸ್ಸಿಗೆ ಯಾವುದು ವಾಸಿ?

ವಿದೇಶಕ್ಕೆ ಹೊರಟ ನೆಂಟರು, ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಿ ಮೆಟ್ರೋಗೆ ಅವರ ಕಾರ್ಡೇ ಕೊಳ್ಳಬೇಕಾ, ನಮ್ಮ ಬ್ಯಾಂಕ್ ಕಾರ್ಡ್ ನಡೆಯುತ್ತಾ, ಇಲ್ಲಾ ಟೂರಿಸ್ಟ್ ಪಾಸ್ ತಗೊಂಡ್ರೆ ವಾಸಿಯಾ?" ಉತ್ತರ ಹೇಳುವ ಮುಂಚೆ ನಾನು ತಿರುಗಿ ಕೇಳುತ್ತೇನೆ: ಎಷ್ಟು ಜನ ಹೋಗ್ತಿದ್ದೀರಿ? ನಿಮ್ಮ ಹತ್ತಿರ ಎಷ್ಟು ಕಾರ್ಡ್ ಇವೆ?

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಮೆಟ್ರೋ ಸ್ಟೇಷನ್ನಿನ ಗೇಟಿನ ಮುಂದೆ. ಅಪ್ಪ, ಅಮ್ಮ, ನಾನು ಮೂವರೂ ರಾತ್ರಿಯಿಡೀ ನಿದ್ದೆ ಇಲ್ಲದೆ ಇಳಿದಿದ್ದೆವು. ಮೊದಲು ಅಮ್ಮನನ್ನು ಕಳಿಸೋಣ ಅಂತ ನನ್ನ ಕ್ರೆಡಿಟ್ ಕಾರ್ಡನ್ನು ರೀಡರ್ ಮೇಲೆ ಇಟ್ಟೆ. ಗೇಟು ತೆರೆಯಿತು, ಅಮ್ಮ ಸೂಟ್‌ಕೇಸ್ ಎಳೆದುಕೊಂಡು ಆಚೆ ಹೋದರು. ಅದೇ ಕಾರ್ಡನ್ನು ಅಪ್ಪನಿಗೆ ಅಂತ ಮತ್ತೆ ಇಟ್ಟರೆ ಕೆಂಪು ದೀಪ. ಇನ್ನೊಂದು ಸಲ ಇಟ್ಟರೂ ಕೆಂಪು ದೀಪ. ಅಮ್ಮ ಆ ಕಡೆ, ನಾವು ಈ ಕಡೆ. ಹಿಂದೆ ಜನ ಕಾಯುತ್ತಿದ್ದರು. ಕೊನೆಗೆ ಮೆಷಿನ್ನಿನಲ್ಲಿ ಎರಡು ಆಯ್ಸ್ಟರ್ ಕಾರ್ಡ್ (ಅಲ್ಲಿಯ ಮೆಟ್ರೋ, ಬಸ್ಸಿಗೆ ದುಡ್ಡು ತುಂಬಿ ಬಳಸುವ ಕಾರ್ಡ್) ಕೊಂಡು ಒಳಗೆ ಹೋದೆವು. ಅವತ್ತಿನಿಂದ ಪ್ರತಿ ಪ್ರಯಾಣಕ್ಕೂ ಮೊದಲು ತಲೆ ಎಣಿಸುತ್ತೇನೆ, ಆಮೇಲೆ ಕಾರ್ಡ್ ಎಣಿಸುತ್ತೇನೆ.

ಊರು ಬಿಡುವ ಮುಂಚೆ

ನಮ್ಮ ಬ್ಯಾಂಕುಗಳು ಹೊಸದಾಗಿ ಕೊಡುವ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಮತ್ತು ಪಿನ್ ಒತ್ತದೆ ಬರೀ ತಾಗಿಸಿ ದುಡ್ಡು ಕೊಡುವ ಕಾಂಟ್ಯಾಕ್ಟ್‌ಲೆಸ್ ಎರಡೂ ಮೊದಲಿಗೆ ಆಫ್ ಆಗಿರುತ್ತವೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಇದು. ಕಾರ್ಡ್ ಕಳೆದುಹೋದರೆ ನಮ್ಮ ದುಡ್ಡು ಉಳಿಯಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ಇವು ಎರಡು ಬೇರೆ ಬೇರೆ ಸ್ವಿಚ್‌ಗಳು. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆತರೆ ಗೇಟು ತೆರೆಯುವುದಿಲ್ಲ. ಈ ಕೆಲಸವನ್ನು ಮನೆಯಲ್ಲೇ ಮುಗಿಸಿ. ಅಲ್ಲಿ ಹೋದ ಮೇಲೆ ನಮ್ಮ ಸಿಮ್‌ಗೆ ನೆಟ್‌ವರ್ಕ್ ಸಿಗದೆ ಬ್ಯಾಂಕಿನ ಆ್ಯಪೇ ತೆರೆಯದಿದ್ದರೆ ಏನೂ ಮಾಡಲಾಗದು. ಕಾರ್ಡ್ ಹೊಸದಾದರೆ ಹೊರಡುವ ವಾರ ಯಾವುದಾದರೂ ಅಂಗಡಿಯಲ್ಲಿ ಒಂದು ಸಲ ಪಿನ್ ಒತ್ತಿ, ಇನ್ನೊಂದು ಸಲ ಸುಮ್ನೆ ಟ್ಯಾಪ್ ಮಾಡಿ ನೋಡಿಬಿಡಿ.

ಕಾರ್ಡ್ ಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅಂತ ಇರಬೇಕು. ಜೊತೆಗೆ ಅಡ್ಡ ಮಲಗಿದ ವೈಫೈ ಗುರುತಿನಂಥ ನಾಲ್ಕು ಗೆರೆ ಇರಬೇಕು. ನಮ್ಮ ಮೆಟ್ರೋದಲ್ಲಿ ಟ್ಯಾಪ್ ಮಾಡುವ ರುಪೇ ಎನ್‌ಸಿಎಂಸಿ ಕಾರ್ಡ್‌ನಲ್ಲೂ ಇದೇ ಗುರುತು ಇದೆ. ಅದಕ್ಕೇ ತುಂಬಾ ಜನ ಅದನ್ನೂ ಜೇಬಿಗೆ ಹಾಕಿಕೊಳ್ಳುತ್ತಾರೆ. ಲಂಡನ್ ಗೇಟಿನಲ್ಲಿ ಅದು ನಡೆಯುವುದಿಲ್ಲ. ಯುಪಿಐ ಕೂಡ ಅಷ್ಟೇ. 2024ರಿಂದ ಐಫೆಲ್ ಟವರ್‌ನ ಟಿಕೆಟ್ಟಿಗೆ ಯುಪಿಐ ಬಂದಿದೆ ನಿಜ, ಆದರೆ ಪ್ಯಾರಿಸ್ ಮೆಟ್ರೋದ ಗೇಟಿಗೆ ಬಂದಿಲ್ಲ. ಫೋನಿಗೆ ಕಾರ್ಡ್ ಸೇರಿಸಿ ಟ್ಯಾಪ್ ಮಾಡುವುದು ಅಲ್ಲಿಯವರಿಗೆ ಸಲೀಸು. ನಮ್ಮ ಬ್ಯಾಂಕಿನ ಕಾರ್ಡಾದರೆ ಅದನ್ನೇ ನಂಬಿಕೊಂಡು ಹೋಗಬೇಡಿ. ಪ್ಲಾಸ್ಟಿಕ್ ಕಾರ್ಡ್ ಕೈಯಲ್ಲಿರಲಿ.

"ವಿದೇಶಿ ಖರ್ಚಿಗೆ ಬ್ಯಾಂಕ್ ಮಾರ್ಕಪ್ ಅಂತ ಹೆಚ್ಚಿನ ಶುಲ್ಕ ಹಾಕುತ್ತದಲ್ಲ, ಅದಕ್ಕಿಂತ ಅಲ್ಲಿಯ ಕಾರ್ಡೇ ಲಾಭ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಮಾರ್ಕಪ್ ಶೇ 3.5 ಇದ್ದು, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಒಟ್ಟು ಶೇ 4.13 ಆಗುತ್ತದೆ. ಲಂಡನ್‌ನಲ್ಲಿ ಒಂದು ದಿನ 8.90 ಪೌಂಡ್ ಓಡಾಡಿದರೆ ಇದು ಸುಮಾರು 37 ಪೆನ್ಸ್. ವಾರವಿಡೀ ಓಡಾಡಿದರೂ ಮೂರು ಪೌಂಡ್ ದಾಟುವುದಿಲ್ಲ. ಇನ್ನೊಂದು ಮಾತನ್ನು ಜನ ಮರೆಯುತ್ತಾರೆ. ಆಯ್ಸ್ಟರ್‌ಗೆ ದುಡ್ಡು ತುಂಬುವುದೂ ಇದೇ ಬ್ಯಾಂಕ್ ಕಾರ್ಡಿನಿಂದಲೇ ಆದರೆ ಮಾರ್ಕಪ್ ಅಲ್ಲೂ ಬೀಳುತ್ತದೆ. ಮೇಲಿಂದ ಆಯ್ಸ್ಟರ್ ಕಾರ್ಡಿನ ಬೆಲೆ ಬೇರೆ, ಅದು ವಾಪಸ್ ಬರುವುದಿಲ್ಲ. ಹಾಗಾಗಿ ಮಾರ್ಕಪ್ಪಿಗೆ ಹೆದರಿ ಲೋಕಲ್ ಕಾರ್ಡ್ ಕೊಳ್ಳುವುದರಲ್ಲಿ ಅರ್ಥ ಇಲ್ಲ. ಮಾರ್ಕಪ್ ಇಲ್ಲದ ಕಾರ್ಡ್ ನಿಮ್ಮ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮೊದಲೇ ವಿದೇಶಿ ಹಣ ತುಂಬಿಕೊಳ್ಳುವ ಫಾರೆಕ್ಸ್ ಕಾರ್ಡ್ ಒಯ್ಯುವವರು ಅದರಲ್ಲಿ ಆ ದೇಶದ ಹಣವನ್ನೇ ತುಂಬಿಸಿ. ಡಾಲರ್ ತುಂಬಿದ ಕಾರ್ಡನ್ನು ಪೌಂಡ್ ನಡೆಯುವ ಊರಲ್ಲಿ ಬಳಸಿದರೆ ಸಾಮಾನ್ಯವಾಗಿ ಬೇರೆ ಶುಲ್ಕ ಬೀಳುತ್ತದೆ.

ಲಂಡನ್

ಲಂಡನ್‌ನಲ್ಲಿ ಆಯ್ಸ್ಟರ್ ಬಂದಿದ್ದು 2003ರಲ್ಲಿ. ಬ್ಯಾಂಕ್ ಕಾರ್ಡನ್ನು ಬಸ್ಸಿನಲ್ಲಿ 2012ರ ಡಿಸೆಂಬರಿನಿಂದ, ಟ್ಯೂಬ್ ಅನ್ನುವ ಅಲ್ಲಿಯ ಮೆಟ್ರೋ ರೈಲಿನಲ್ಲಿ 2014ರ ಸೆಪ್ಟೆಂಬರಿನಿಂದ ತೆಗೆದುಕೊಳ್ಳುತ್ತಾರೆ. 2014ರಲ್ಲೇ ಬಸ್ಸಿನಲ್ಲಿ ನಗದು ನಿಂತುಹೋಯಿತು. ದೊಡ್ಡವರಿಗೆ ಎರಡು ಕಾರ್ಡಿನಲ್ಲೂ ದರ ಒಂದೇ, ದಿನದ ಮಿತಿಯೂ ಒಂದೇ.

ಈ ಮಿತಿಯನ್ನು ಅಲ್ಲಿ ಕ್ಯಾಪ್ ಅನ್ನುತ್ತಾರೆ. 2025ರಲ್ಲಿ ಊರಿನ ನಡುಭಾಗದ 1-2 ಝೋನ್‌ಗಳ ಒಳಗೆ ದಿನದ ಕ್ಯಾಪ್ 8.90 ಪೌಂಡ್. ಬೆಳಿಗ್ಗೆಯಿಂದ ಹತ್ತು ಸಲ ಹತ್ತಿಳಿದರೂ ಅದಕ್ಕಿಂತ ಜಾಸ್ತಿ ಕಡಿತ ಆಗುವುದಿಲ್ಲ. ದಿನದ ಲೆಕ್ಕ ಬೆಳಗಿನ ಜಾವ 4:30ರಿಂದ ಮರುದಿನ 4:30ರವರೆಗೆ. ಹೀಗಿರುವಾಗ ಒಂದು ದಿನದ ಪಾಸ್ ಕೊಳ್ಳುವ ಮಾತೇ ಇಲ್ಲ. ನೀವು ಕೊಳ್ಳದೆಯೇ ಕಾರ್ಡ್ ತಾನೇ ಪಾಸ್ ಆಗಿಬಿಡುತ್ತದೆ.

ವಾರದ ಕ್ಯಾಪ್ ಇದೆ, ಅದೇ ಝೋನ್‌ಗಳಿಗೆ ಆ ವರ್ಷ 44.70 ಪೌಂಡ್. ಆದರೆ ಅದು ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಗುರುವಾರ ಇಳಿದು ಮುಂದಿನ ಬುಧವಾರ ವಾಪಸ್ ಹೊರಡುವವರಿಗೆ ಅರ್ಧ ಈ ವಾರ, ಅರ್ಧ ಆ ವಾರ ಆಗಿ ಯಾವ ಕ್ಯಾಪೂ ಮುಟ್ಟುವುದಿಲ್ಲ. ಅಂಥವರಿಗೆ ಇನ್ನೊಂದು ದಾರಿ ಇದೆ. ಮಾಮೂಲಿ ಆಯ್ಸ್ಟರ್ ಕಾರ್ಡ್ ಕೊಂಡು ಅದಕ್ಕೆ 7 ದಿನದ ಪಾಸ್, ಅಂದರೆ ಟ್ರಾವೆಲ್‌ಕಾರ್ಡ್ ಹಾಕಿಸಿದರೆ ಅದು ಯಾವ ದಿನದಿಂದ ಬೇಕಾದರೂ ಶುರುವಾಗುತ್ತದೆ. ಬೆಲೆ ವಾರದ ಕ್ಯಾಪಿನಷ್ಟೇ. 44.70ನ್ನು 8.90ರಿಂದ ಭಾಗಿಸಿದರೆ ಐದಕ್ಕೆ ಸ್ವಲ್ಪ ಮೇಲೆ. ಅಂದರೆ ಏಳರಲ್ಲಿ ಆರು ದಿನವಾದರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸುತ್ತುವವರಿಗೆ ಮಾತ್ರ ಇದು ಲಾಭ, ಆ ಲಾಭದಲ್ಲೂ ಕಾರ್ಡಿನ ಬೆಲೆ ಕಳೆಯಬೇಕು. ಅಪ್ಪ ಅಮ್ಮನ ಜೊತೆ ಹೋದಾಗ ನಾವು ದಿನಕ್ಕೆ ಎರಡು ಜಾಗಕ್ಕಿಂತ ಜಾಸ್ತಿ ನೋಡಲಿಲ್ಲ. ಕ್ಯಾಪ್ ಮುಟ್ಟಿದ್ದು ಒಂದೇ ದಿನ. ನಿಮ್ಮದೂ ಅಂಥ ನಿಧಾನದ ಪ್ರವಾಸ ಆದರೆ ವಾರದ ಪಾಸಿಗೆ ಕೈ ಹಾಕಬೇಡಿ. ವಿಸಿಟರ್ ಆಯ್ಸ್ಟರ್ ಅಂತ ಮೊದಲೇ ಮನೆಗೆ ತರಿಸಿಕೊಳ್ಳುವ ಕಾರ್ಡಿಗೆ ಈ ಟ್ರಾವೆಲ್‌ಕಾರ್ಡ್ ಹಾಕಲು ಬರುವುದಿಲ್ಲ, ಇದು ನೆನಪಿರಲಿ.

ಮಕ್ಕಳಿದ್ದರೆ ಲೆಕ್ಕ ಬದಲಾಗುತ್ತದೆ. 11 ವರ್ಷದ ಒಳಗಿನ ಮಕ್ಕಳು ದೊಡ್ಡವರ ಜೊತೆ ಟ್ಯೂಬಿನಲ್ಲಿ ಪುಕ್ಕಟೆ, ಒಬ್ಬರ ಜೊತೆ ನಾಲ್ಕು ಮಕ್ಕಳವರೆಗೆ. ಬಸ್ಸಿನಲ್ಲೂ ಪುಕ್ಕಟೆ. 11ರಿಂದ 15ರವರಿಗೆ ಮಾತ್ರ ಆಯ್ಸ್ಟರ್ ಕೊಳ್ಳಲೇಬೇಕು ಅನ್ನುತ್ತೇನೆ. ಅದಕ್ಕೆ ಸ್ಟೇಷನ್ನಿನ ಸಿಬ್ಬಂದಿ ಹತ್ತಿರ ಯಂಗ್ ವಿಸಿಟರ್ ರಿಯಾಯಿತಿ ಹಾಕಿಸಿಕೊಂಡರೆ 14 ದಿನ ಅರ್ಧ ದರ. ಬ್ಯಾಂಕ್ ಕಾರ್ಡಿನಲ್ಲಿ ಈ ಸೌಲಭ್ಯ ಇಲ್ಲ.

ಟ್ಯೂಬಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಟ್ಯಾಪ್ ಮಾಡಬೇಕು, ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಗ್ರಿನಿಚ್ ಕಡೆ ಹೋಗುವ ಡಿಎಲ್‌ಆರ್ ರೈಲಿನ ಎಷ್ಟೋ ಸ್ಟೇಷನ್ನುಗಳಲ್ಲಿ ಗೇಟೇ ಇಲ್ಲ. ಕಂಬದ ಮೇಲೆ ಹಳದಿ ರೀಡರ್ ಇರುತ್ತದೆ, ಅಷ್ಟೇ. ಮಾತಾಡುತ್ತಾ ಅದನ್ನು ದಾಟಿ ಹೋದರೆ ಅತಿ ಹೆಚ್ಚಿನ ದರ ಬೀಳುತ್ತದೆ. ಹತ್ತುವಾಗ ಒಂದು ಕಾರ್ಡ್, ಇಳಿಯುವಾಗ ಇನ್ನೊಂದು ಕಾರ್ಡ್ ಇಟ್ಟರೂ ಹಾಗೆಯೇ. ಎರಡೂ ಕಾರ್ಡಿನಲ್ಲಿ ಅರ್ಧ ಪ್ರಯಾಣ ಅಂತ ಲೆಕ್ಕವಾಗಿ ಎರಡು ಸಲ ದಂಡ ತೆರಬೇಕಾಗುತ್ತದೆ. ಅದಕ್ಕೇ ಪರ್ಸನ್ನೇ ರೀಡರ್ ಮೇಲೆ ಇಡಬೇಡಿ, ಕಾರ್ಡನ್ನು ಹೊರಗೆ ತೆಗೆದು ಇಡಿ. ಒಂದೇ ಖಾತೆಯ ಕಾರ್ಡ್ ಆದರೂ ಫೋನಿನಲ್ಲಿರುವುದು ಬೇರೆ, ಪ್ಲಾಸ್ಟಿಕ್ ಬೇರೆ ಅಂತಲೇ ಲೆಕ್ಕ.

ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ಎದುರಾಗುವ ಆಯ್ಕೆ ಹೀಥ್ರೋದಿಂದ ಊರೊಳಕ್ಕೆ ಹೋಗುವುದು. ಒಂದೇ ಕಾರ್ಡ್ ಮೂರು ರೈಲಿಗೂ ನಡೆಯುತ್ತದೆ, ಆದರೆ ದರದಲ್ಲಿ ಅಜಗಜಾಂತರ. 2025ರ ದರ ಹೇಳುತ್ತೇನೆ. ಪಿಕಡಿಲಿ ಲೈನ್ 5.80 ಪೌಂಡ್, ನಡು ಲಂಡನ್‌ಗೆ ಒಂದು ಗಂಟೆ ಹತ್ತಿರ. ಎಲಿಜಬೆತ್ ಲೈನ್ 13.90 ಪೌಂಡ್, ಪ್ಯಾಡಿಂಗ್ಟನ್‌ಗೆ ಸುಮಾರು ಅರ್ಧ ಗಂಟೆ. ಹೀಥ್ರೋ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ತಲುಪುತ್ತದೆ, ಅಲ್ಲೇ ಹೋಗಿ ಹತ್ತಿದರೆ 25 ಪೌಂಡಿನ ಆಸುಪಾಸು. ಗೇಟು ದಾಟಿದ ಮೇಲೆ ಸಿಕ್ಕಿದ ರೈಲು ಹತ್ತಬೇಡಿ, ಬೋರ್ಡ್ ಓದಿ. ವಯಸ್ಸಾದವರು, ದೊಡ್ಡ ಸೂಟ್‌ಕೇಸ್ ಇದ್ದರೆ ನನ್ನ ಆಯ್ಕೆ ಎಲಿಜಬೆತ್ ಲೈನ್. ಬೋಗಿ ಅಗಲ, ಲಗೇಜ್ ಇಡಲು ಜಾಗ ಇದೆ. ಒಬ್ಬರೇ ಬ್ಯಾಗ್ ಹಾಕಿಕೊಂಡು ಹೋಗುವವರಿಗೆ ಪಿಕಡಿಲಿ ಧಾರಾಳ ಸಾಕು.

ಊರೊಳಗೆ ನನ್ನ ಮನಸ್ಸು ಬಸ್ಸಿನ ಕಡೆಗೇ. 2025ರಲ್ಲಿ ಬಸ್ ದರ 1.75 ಪೌಂಡ್, ದೂರ ಎಷ್ಟಾದರೂ ಅಷ್ಟೇ. ಮೊದಲ ಟ್ಯಾಪ್ ಆದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಇದನ್ನು ಹಾಪರ್ ಅನ್ನುತ್ತಾರೆ. ಬರೀ ಬಸ್ಸಿನಲ್ಲೇ ಓಡಾಡಿದರೆ ದಿನಕ್ಕೆ 5.25 ಪೌಂಡ್ ದಾಟುವುದಿಲ್ಲ. ಅಮ್ಮನಿಗೆ ಟ್ಯೂಬಿನ ಮೆಟ್ಟಿಲುಗಳು ಕಷ್ಟ. 15ನೇ ನಂಬರ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು ಟ್ರಫಾಲ್ಗರ್ ಚೌಕದಿಂದ ಸೇಂಟ್ ಪಾಲ್ಸ್ ದಾಟಿ ಟವರ್ ಆಫ್ ಲಂಡನ್‌ವರೆಗೆ ಹೋದೆವು. ಬೇರೆ ಟೂರಿಸ್ಟ್ ಬಸ್ಸು ನಮಗೆ ಬೇಕಾಗಲೇ ಇಲ್ಲ. ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅಲ್ಲಿಗೂ ಬಸ್ಸಿನಲ್ಲೇ ಹೋದೆವು. ಅಪ್ಪ ಅಲ್ಲಿ ಹತ್ತು ನಿಮಿಷ ಮಾತಿಲ್ಲದೆ ನಿಂತಿದ್ದರು.

ಸಿಂಗಪುರ

ಸಿಂಗಪುರದಲ್ಲಿ ಬ್ಯಾಂಕ್ ಕಾರ್ಡ್ 2019ರಿಂದ ನಡೆಯುತ್ತದೆ. ಮೊದಲು ಮಾಸ್ಟರ್‌ಕಾರ್ಡ್, ಆಮೇಲೆ ವೀಸಾ. ಒಂದು ಸಣ್ಣ ಕೊಕ್ಕೆ ಇದೆ: ವಿದೇಶಿ ಬ್ಯಾಂಕಿನ ಕಾರ್ಡಿಗೆ, ಬಳಸಿದ ಪ್ರತಿ ದಿನಕ್ಕೆ 60 ಸೆಂಟ್ ಶುಲ್ಕ. ಲೋಕಲ್ ಈಝಿ-ಲಿಂಕ್ ಕಾರ್ಡ್ 10 ಸಿಂಗಪುರ ಡಾಲರ್, ಅದರಲ್ಲಿ 5 ಡಾಲರ್ ಮಾತ್ರ ಪ್ರಯಾಣಕ್ಕೆ. ಉಳಿದ 5 ಕಾರ್ಡಿನ ಬೆಲೆ. ಐದು ಡಾಲರನ್ನು 60 ಸೆಂಟಿನಿಂದ ಭಾಗಿಸಿದರೆ ಎಂಟು ದಿನ. ಎಂಟು ದಿನದವರೆಗಿನ ಪ್ರವಾಸಕ್ಕೆ ಬ್ಯಾಂಕ್ ಕಾರ್ಡ್ ವಾಸಿ, ಅದಕ್ಕಿಂತ ಜಾಸ್ತಿ ಇರುವವರಿಗೆ, ಮಗನ ಮನೆಗೆ ತಿಂಗಳುಗಟ್ಟಲೆ ಹೋಗುವ ಅಪ್ಪ ಅಮ್ಮಂದಿರಿಗೆ, ಈಝಿ-ಲಿಂಕ್ ವಾಸಿ.

ಟೂರಿಸ್ಟ್ ಪಾಸ್ 2025ರಲ್ಲಿ ಒಂದು ದಿನಕ್ಕೆ 17, ಎರಡು ದಿನಕ್ಕೆ 24, ಮೂರು ದಿನಕ್ಕೆ 29 ಡಾಲರ್. ಅಲ್ಲಿ ದರ ದೂರದ ಮೇಲೆ. ಆ ವರ್ಷ 1.19 ಡಾಲರಿನಿಂದ ಶುರುವಾಗಿ ಎಷ್ಟೇ ದೂರ ಹೋದರೂ ಎರಡೂವರೆ ಡಾಲರಿನ ಒಳಗೇ ಇತ್ತು. ಒಂದು ದಿನದ ಪಾಸಿನ ದುಡ್ಡು ಹುಟ್ಟಬೇಕಾದರೆ ದೂರದ ಓಡಾಟವಾದರೂ ಏಳು ಸಲ ಹತ್ತಬೇಕು, ಹತ್ತಿರದ್ದಾದರೆ ಇನ್ನೂ ಜಾಸ್ತಿ. ಸೆಕೆಯಲ್ಲಿ ಅಷ್ಟು ಓಡಾಡುವವರು ಕಡಿಮೆ. ಮೂರು ದಿನದ ಪಾಸ್ ಮಾತ್ರ ಚುರುಕಾಗಿ ಸುತ್ತುವವರಿಗೆ ಸರಿಹೊಂದಬಹುದು. ನಾನಂತೂ ಕೊಳ್ಳುವುದಿಲ್ಲ.

ಲಂಡನ್ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಸಿಂಗಪುರದಲ್ಲಿ ಬಸ್ಸಿನಿಂದ ಇಳಿಯುವಾಗಲೂ ಟ್ಯಾಪ್ ಮಾಡಲೇಬೇಕು. ಮರೆತರೆ ಆ ಬಸ್ ಕೊನೆಯ ಸ್ಟಾಪಿಗೆ ಹೋಗುವವರೆಗಿನ ದರ ಕಡಿತ. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳು ಪುಕ್ಕಟೆ. ಇಲ್ಲೂ ತಲೆಗೊಂದು ಕಾರ್ಡ್ ಬೇಕೇ ಬೇಕು.

ನ್ಯೂಯಾರ್ಕ್

ಇಲ್ಲಿ ಯೋಚನೆ ಕಡಿಮೆ. ಹಳೆಯ ಮೆಟ್ರೋಕಾರ್ಡ್ ಮಾರಾಟ 2025ರ ಕೊನೆಗೆ ನಿಂತಿತು. ಈಗ ಓಮ್ನಿ ಅನ್ನುವ ರೀಡರ್ ಮೇಲೆ ಬ್ಯಾಂಕ್ ಕಾರ್ಡ್ ಇಡುವುದೇ ಸಲೀಸು. 2026ರ ಜನವರಿಯಿಂದ ಸಬ್‌ವೇ, ಬಸ್ ಎರಡಕ್ಕೂ 3 ಡಾಲರ್, ದೂರದ ಲೆಕ್ಕ ಇಲ್ಲ, ಇಳಿಯುವಾಗ ಟ್ಯಾಪ್ ಇಲ್ಲ. ಏಳು ದಿನದಲ್ಲಿ 35 ಡಾಲರ್ ಆದ ಮೇಲೆ ಉಳಿದ ಓಡಾಟ ಉಚಿತ. ಆ ಏಳು ದಿನ ನಿಮ್ಮ ಮೊದಲ ಟ್ಯಾಪಿನಿಂದ ಶುರು, ಸೋಮವಾರಕ್ಕೆ ಕಾಯಬೇಕಿಲ್ಲ. ಲಂಡನ್‌ಗಿಂತ ಇದು ಪ್ರವಾಸಿಗರಿಗೆ ಅನುಕೂಲ.

ಒಂದೇ ಕಾರ್ಡಿನಿಂದ ಮನೆಯವರಿಗೆಲ್ಲ ಟ್ಯಾಪ್ ಮಾಡಲು ಇಲ್ಲಿ ಬಿಡುತ್ತಾರೆ. ಆದರೆ ಎಲ್ಲರಿಗೂ ಕ್ಯಾಪ್ ಸಿಗಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡೇ ಬೇಕು. ದಿನಕ್ಕೆ ಮೂರು ಸಲ ಹತ್ತಿದರೆ ನಾಲ್ಕನೇ ದಿನಕ್ಕೆ ಕ್ಯಾಪ್ ಮುಟ್ಟುತ್ತೀರಿ. ಮೂರು ದಿನಕ್ಕಷ್ಟೇ ಹೋಗುವವರು ಒಂದೇ ಕಾರ್ಡಿನಲ್ಲಿ ನಿಶ್ಚಿಂತೆಯಾಗಿ ಓಡಾಡಬಹುದು. ಜೆಎಫ್‌ಕೆ ವಿಮಾನ ನಿಲ್ದಾಣದ ಏರ್‌ಟ್ರೈನ್‌ಗೂ ಇದೇ ಟ್ಯಾಪ್, ಆದರೆ ಅದರ ದರ ಬೇರೆ, ಕ್ಯಾಪಿನೊಳಗೆ ಸೇರುವುದಿಲ್ಲ.

ಬ್ಯಾಂಕ್ ಕಾರ್ಡನ್ನು ನಂಬಬಾರದ ಊರುಗಳು

ಪ್ಯಾರಿಸ್‌ಗೆ ಹೋಗುವವರು ಲಂಡನ್‌ನಿಂದ ರೈಲಿನಲ್ಲಿ ಬಂದು ಮೆಟ್ರೋ ಗೇಟಿನ ಮೇಲೆ ಬ್ಯಾಂಕ್ ಕಾರ್ಡ್ ಇಟ್ಟು ಪೇಚಾಡುವುದನ್ನು ನೋಡಿದ್ದೇನೆ. ಅಲ್ಲಿ ನವಿಗೋ ಈಝಿ ಅನ್ನುವ ಕಾರ್ಡ್ ಕೊಳ್ಳಬೇಕು, 2 ಯೂರೋ. ಅದಕ್ಕೆ ಟಿಕೆಟ್ ತುಂಬಿಸಿಕೊಳ್ಳಬೇಕು. 2025ರಲ್ಲಿ ಮೆಟ್ರೋ ಟಿಕೆಟ್ 2.50, ಬಸ್ಸಿನದು 2, ವಿಮಾನ ನಿಲ್ದಾಣದ್ದು 13 ಯೂರೋ ಇತ್ತು. ಮೆಟ್ರೋ ಟಿಕೆಟ್ಟೇ ಬೇರೆ, ಬಸ್ ಟಿಕೆಟ್ಟೇ ಬೇರೆ. ಇಲ್ಲೂ ಒಬ್ಬರಿಗೆ ಒಂದು ಕಾರ್ಡ್. ವಾರದ ಪಾಸ್ ಇದೆ, ಅದೂ ಸೋಮವಾರದಿಂದ ಭಾನುವಾರಕ್ಕೆ. ವಾರದ ಮೊದಲಲ್ಲಿ ಇಳಿಯುವವರಿಗೆ, ಅದರಲ್ಲೂ ವಿಮಾನ ನಿಲ್ದಾಣದಿಂದ ರೈಲಿನಲ್ಲೇ ಬಂದು ಹೋಗುವವರಿಗೆ ಅದು ತುಂಬಾ ಲಾಭ. ಶುಕ್ರವಾರ ಬಂದವರಿಗೆ ಬೇಡ.

ಟೋಕಿಯೋದಲ್ಲಿ ಕೆಲವು ಖಾಸಗಿ ರೈಲುಗಳ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ಬರುತ್ತಿದೆ. ಆದರೂ ಎಲ್ಲ ಕಡೆ ಕಣ್ಣು ಮುಚ್ಚಿ ಇಡಬಹುದಾದದ್ದು ದುಡ್ಡು ತುಂಬಿ ಬಳಸುವ ಸೂಯಿಕಾ ಕಾರ್ಡೇ. ಅದು ಒಸಾಕಾ, ಫುಕುವೋಕಾದಲ್ಲೂ ನಡೆಯುತ್ತದೆ, ಅಂಗಡಿಯಲ್ಲಿ ನೀರಿನ ಬಾಟಲಿಗೂ ನಡೆಯುತ್ತದೆ. ಪ್ರವಾಸಿಗರಿಗೆ ವೆಲ್‌ಕಮ್ ಸೂಯಿಕಾ ಅಂತ ನರಿಟಾ, ಹನೆಡಾ ನಿಲ್ದಾಣಗಳಲ್ಲಿ ಕೊಡುತ್ತಾರೆ. ಠೇವಣಿ ಇಲ್ಲ, 28 ದಿನ ನಡೆಯುತ್ತದೆ, ಉಳಿದ ದುಡ್ಡು ವಾಪಸ್ ಇಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಸಿ, ಕೊನೆಯ ದಿನ ಅಂಗಡಿಯಲ್ಲಿ ಖಾಲಿ ಮಾಡಿ. ಸ್ವಲ್ಪ ಯೆನ್ ನಗದು ಕೈಯಲ್ಲಿರಲಿ, ರೀಚಾರ್ಜ್‌ಗೆ ಬೇಕಾಗುತ್ತದೆ. 24, 48, 72 ಗಂಟೆಗಳ ಸಬ್‌ವೇ ಪಾಸ್ ಕೊಳ್ಳುವವರು ಒಂದು ವಿಷಯ ಗಮನಿಸಿ. ಅದು ಟೋಕಿಯೋ ಮೆಟ್ರೋ ಮತ್ತು ತೋಯೆಯಿ ರೈಲುಗಳಿಗೆ ಮಾತ್ರ. ಊರನ್ನು ಸುತ್ತು ಹಾಕುವ ಜೆಆರ್ ಕಂಪನಿಯ ಯಮನೋತೆ ಲೈನ್‌ಗೆ ನಡೆಯುವುದಿಲ್ಲ. ನೀವು ಉಳಿಯುವ ಹೋಟೆಲ್ ಯಾವ ಲೈನ್ ಹತ್ತಿರ ಇದೆ ನೋಡಿ ತೀರ್ಮಾನಿಸಿ.

ದುಬೈಯಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಯಾರನ್ನು ಕೇಳಿದರೂ "ನೋಲ್ ಕಾರ್ಡ್ ತಗೊಳ್ಳಿ" ಅನ್ನುತ್ತಾರೆ. ಸರಿಯಾದ ಮಾತು. ಸಿಲ್ವರ್ ಕಾರ್ಡ್ 25 ದಿರ್ಹಾಮ್, ಅದರಲ್ಲಿ 19 ಪ್ರಯಾಣಕ್ಕೆ. ದೂರಕ್ಕೆ ತಕ್ಕಂತೆ 3, 5 ಅಥವಾ ಏಳೂವರೆ ದಿರ್ಹಾಮ್ ಕಡಿತ. 2 ದಿರ್ಹಾಮಿನ ಕೆಂಪು ಕಾಗದದ ಟಿಕೆಟ್ ಅಗ್ಗ ಅನ್ನಿಸುತ್ತದೆ, ಆದರೆ ಅದು ಮೆಟ್ರೋ ಅಥವಾ ಬಸ್ ಯಾವುದಾದರೂ ಒಂದಕ್ಕೆ ಮಾತ್ರ. ಒಂದೆರಡು ಸಲ ಓಡಾಡುವವರಿಗಷ್ಟೇ ಅದು ಸರಿ. ಗೋಲ್ಡ್ ಬೋಗಿ ಬೇರೆ ಇದೆ. ಸಿಲ್ವರ್ ಕಾರ್ಡಿನಲ್ಲಿ ಗೊತ್ತಿಲ್ಲದೆ ಅಲ್ಲಿ ಹತ್ತಿದರೂ 100 ದಿರ್ಹಾಮ್ ದಂಡ. ಪ್ಲಾಟ್‌ಫಾರ್ಮಿನ ನೆಲದ ಮೇಲಿನ ಬರಹ ನೋಡಿ ನಿಂತುಕೊಳ್ಳಿ.

ಕಾರ್ಡ್ ಸಾಲದಿದ್ದರೆ

ನಾಲ್ಕು ಜನ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಎರಡೇ ಅನ್ನುವ ಮನೆಗಳೇ ಜಾಸ್ತಿ. ನಿಮ್ಮ ಖಾತೆಯ ಮೇಲೇ ಮನೆಯವರಿಗೆ ಆ್ಯಡ್-ಆನ್ ಕಾರ್ಡ್ ತೆಗೆಸಬಹುದು, ಆದರೆ ಅದರ ನಂಬರ್ ಮೂಲ ಕಾರ್ಡಿಗಿಂತ ಬೇರೆ ಇದೆಯಾ ನೋಡಿಕೊಳ್ಳಿ. ಒಂದೇ ನಂಬರ್ ಇದ್ದರೆ ಗೇಟಿಗೆ ಇಬ್ಬರೂ ಒಬ್ಬರೇ. ಅಪ್ಪ ಅಮ್ಮನಿಗೆ ನಾನು ಲಂಡನ್‌ನಲ್ಲಿ ಇನ್ನು ಮುಂದೂ ಆಯ್ಸ್ಟರನ್ನೇ ಕೊಡಿಸುತ್ತೇನೆ. ಬ್ಯಾಂಕ್ ಕಾರ್ಡ್ ಕಳೆದರೆ ಅವರಿಗೆ ದಿನವೆಲ್ಲ ಕಳವಳ. ಆಯ್ಸ್ಟರ್ ಕಳೆದರೆ ಹೋಗುವುದು ಹತ್ತು ಹದಿನೈದು ಪೌಂಡ್. ಆ ನೆಮ್ಮದಿಗೆ ಕಾರ್ಡಿನ ಬೆಲೆ ತೆತ್ತರೆ ತಪ್ಪಿಲ್ಲ. ಮೆಷಿನ್ನಿನಲ್ಲಿ ದುಡ್ಡು ತುಂಬುವಾಗ "ರೂಪಾಯಿಯಲ್ಲಿ ಕೊಡುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿಯ ಹಣದಲ್ಲೇ ಕೊಡಿ. ರೂಪಾಯಿ ಆರಿಸಿದರೆ ಅವರು ಹೇಳಿದ್ದೇ ದರ.

ಆಯ್ಸ್ಟರ್‌ನಲ್ಲಿ ಉಳಿದ ದುಡ್ಡಿಗೆ ಅವಧಿ ಮುಗಿಯುವುದಿಲ್ಲ. ನವಿಗೋ ಈಝಿ ಮೇಲೂ ಹೆಸರಿಲ್ಲ, ಯಾರಿಗೆ ಬೇಕಾದರೂ ಕೊಡಬಹುದು. ಹೀಥ್ರೋದಲ್ಲಿ ಅವತ್ತು ಕೊಂಡ ಎರಡು ಆಯ್ಸ್ಟರ್ ಕಾರ್ಡ್ ಈಗ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿವೆ. ಒಂದರಲ್ಲಿ ಆರು ಪೌಂಡ್, ಇನ್ನೊಂದರಲ್ಲಿ ನಾಲ್ಕು. ಬರುವ ಮೇ ತಿಂಗಳಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಮಗಳ ಮನೆಗೆ ಹೊರಟಿದ್ದಾರೆ. ಗೇಟಿನ ಮುಂದೆ ಇಬ್ಬರ ಕೈಯಲ್ಲೂ ಒಂದೊಂದು ಇರುತ್ತದೆ.